ಕೇಳಿ, ಹೇಳುತ್ತೇನೆ: ಕಫದ ಡಬ್ಬಿಯಿಂದ ಜಿನೀವಾದವರೆಗೆ

ಕಳೆದ ಸಂಚಿಕೆಯಲ್ಲಿ ಕ್ಷಯದ ಬಗ್ಗೆ ಬರೆಯುವಾಗ ಹಾಲ್ಫ್‌ಡಾನ್ ಮಾಹ್ಲರ್ ಎಂಬ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ಒಂದು ಸಾಲು ಹಿಡಿದು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕಾಗದವೂ ಬಂದಿದೆ, ವಾಟ್ಸಾಪೂ ಬಂದಿದೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅವರದ್ದೇ. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರಲ್ಲ. ಕಾಸರಗೋಡಿನ ಗಡಿ ಕಡೆಯ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದು ನಿವೃತ್ತಳಾದವಳು. ಕಫ, ರಕ್ತ, ಮೂತ್ರ – ಇವುಗಳ ನಡುವೆಯೇ ನನ್ನ ಸರ್ವಿಸು ಮುಗಿಯಿತು.

ಪ್ರಶ್ನೆ: ವಿಶ್ವ ಆರೋಗ್ಯ ಸಂಸ್ಥೆಯನ್ನು ಹದಿನೈದು ವರ್ಷ ನಡೆಸಿದ ಮಾಹ್ಲರ್ ಕೆಲಸ ಕಲಿತದ್ದು ಬೆಂಗಳೂರಿನಲ್ಲಿ ಎಂದು ಬರೆದಿದ್ದೀರಿ. ಇಷ್ಟು ಕಾಲ ಪಾಠ ಮಾಡಿದ ನಾನು ಈ ಹೆಸರೇ ಕೇಳಿಲ್ಲ. ಯಾರಿವರು? ಸ್ವಲ್ಪ ವಿವರವಾಗಿ ಬರೆಯಿರಿ.
– ನಿವೃತ್ತ ಅಧ್ಯಾಪಕರು, ನೀರ್ಚಾಲು

ಮಾಷ್ಟ್ರೇ, ನಮ್ಮ ಪಾಠಪುಸ್ತಕದಲ್ಲಿ ಜೆನ್ನರ್ ಇದ್ದಾರೆ, ಪಾಶ್ಚರ್ ಇದ್ದಾರೆ. ಮದ್ದು ಕಂಡುಹಿಡಿದವರಿಗೆ ಪಾಠದಲ್ಲಿ ಜಾಗ ಸಿಗುತ್ತದೆ. ಆ ಮದ್ದನ್ನು ಜನರ ಮನೆ ಬಾಗಿಲಿಗೆ ಮುಟ್ಟಿಸಿದವರು ಆಫೀಸಿನ ಫೈಲಿನಲ್ಲೇ ಉಳಿದುಬಿಡುತ್ತಾರೆ. ಮಾಹ್ಲರ್ ಏನನ್ನೂ ಕಂಡುಹಿಡಿದವರಲ್ಲ.

ಅವರು ಹುಟ್ಟಿದ್ದು 1923ರಲ್ಲಿ, ಡೆನ್ಮಾರ್ಕಿನ ವಿವಿಲ್ಡ್ ಎಂಬ ಸಣ್ಣ ಊರಿನಲ್ಲಿ. ಅಪ್ಪ ಬ್ಯಾಪ್ಟಿಸ್ಟ್ ಪಂಗಡದ ಧರ್ಮಬೋಧಕರು. ಮಗನಿಗೂ ಆ ಮಾತುಗಾರಿಕೆ ಬಂದಿತ್ತು, ಮುಂದೆ ಅದು ಉಪಯೋಗಕ್ಕೂ ಬಂತು, ಉಪದ್ರವೂ ಆಯಿತು. ಅದನ್ನು ಆಮೇಲೆ ಹೇಳುತ್ತೇನೆ. 1948ರಲ್ಲಿ ಕೋಪನ್‌ಹೇಗನ್‌ನಲ್ಲಿ ಡಾಕ್ಟರ್ ಓದು ಮುಗಿಯಿತು. 1950ರಲ್ಲಿ ರೆಡ್‌ಕ್ರಾಸಿನ ಕ್ಷಯ ಆಂದೋಲನ ನಡೆಸಲು ದಕ್ಷಿಣ ಅಮೆರಿಕದ ಈಕ್ವೆಡಾರಿಗೆ ಹೋದರು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇರಿ ಭಾರತಕ್ಕೆ ಬಂದರು. ಇಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಇದ್ದರು. ನನ್ನ ಲೆಕ್ಕದಲ್ಲಿ ಅವರ ಜೀವನದ ಮುಖ್ಯ ಭಾಗ ಅದೇ. ಮುಂದಿನದ್ದೆಲ್ಲ ಅದರಿಂದ ಬಂದದ್ದು.

ಆಗ ಇಲ್ಲಿ ಕ್ಷಯ ಎಂದರೆ ಎಂತ ಇತ್ತು ಎಂದು ನಿಮ್ಮ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಒಬ್ಬರಿಗೆ ಬಂದರೆ ಆ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ದುಡ್ಡಿದ್ದವರು ಸ್ಯಾನಿಟೋರಿಯಂಗೆ ಹೋಗುತ್ತಿದ್ದರು. ಆಂಧ್ರದ ಗಡಿಯಲ್ಲಿರುವ ಮದನಪಲ್ಲಿಯ ಆರೋಗ್ಯವರಂ ಅಂಥದ್ದು. ಅದನ್ನು ಕಟ್ಟಿ ಬೆಳೆಸಿದ ಫ್ರಿಮೋಟ್ ಮೋಲರ್ ಕೂಡ ಡೆನ್ಮಾರ್ಕಿನವರೇ, ನೋಡಿ. ಒಳ್ಳೆ ಗಾಳಿ, ಒಳ್ಳೆ ಊಟ, ತಿಂಗಳುಗಟ್ಟಲೆ ಹಾಸಿಗೆ. ಆದರೆ ದೇಶದಲ್ಲಿದ್ದ ರೋಗಿಗಳ ಸಂಖ್ಯೆಗೂ ಹಾಸಿಗೆಗಳ ಸಂಖ್ಯೆಗೂ ತಾಳೆಯೇ ಇರಲಿಲ್ಲ. ಅದರ ಮೇಲೆ 1955ರಿಂದ 58ರವರೆಗೆ ನಡೆದ ಸಮೀಕ್ಷೆ ಇನ್ನೊಂದು ವಿಷಯ ತೋರಿಸಿಕೊಟ್ಟಿತು. ಕ್ಷಯ ಪೇಟೆಯ ರೋಗ ಎಂದು ಎಲ್ಲರೂ ತಿಳಿದಿದ್ದರು. ಹಳ್ಳಿಯಲ್ಲೂ ಅಷ್ಟೇ ಇತ್ತು.

ಅದೇ ಹೊತ್ತಿಗೆ ಮದ್ರಾಸಿನಲ್ಲಿ ಒಂದು ಪ್ರಯೋಗ ನಡೆಯಿತು. 1956ರಲ್ಲಿ ಶುರು, 1959ರಲ್ಲಿ ಫಲಿತಾಂಶ. ಬ್ರಿಟನ್ನಿನ ವ್ಯಾಲೇಸ್ ಫಾಕ್ಸ್ ಅದರ ಮುಂದಾಳು. ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಸ್ಯಾನಿಟೋರಿಯಂನಲ್ಲಿ, ಇನ್ನೊಂದು ಗುಂಪು ತಮ್ಮ ತಮ್ಮ ಮನೆಯಲ್ಲಿ, ಅಂದರೆ ಇಕ್ಕಟ್ಟಾದ ಬಡವರ ಕೇರಿಗಳಲ್ಲಿ. ಗುಳಿಗೆ ಇಬ್ಬರಿಗೂ ಒಂದೇ. ವರ್ಷ ಕಳೆದು ನೋಡಿದರೆ ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಗುಣವಾಗಿದ್ದರು. ಮನೆಯ ಉಳಿದವರಿಗೆ ರೋಗ ಜಾಸ್ತಿ ಹರಡಿರಲೂ ಇಲ್ಲ. ಹಾಲು ಮೊಟ್ಟೆ ತಿಂದು ಮಲಗಿದವರಿಗೂ, ಗಂಜಿ ಕುಡಿದು ಕೆಲಸಕ್ಕೆ ಹೋದವರಿಗೂ ಗುಣ ಕೊಟ್ಟದ್ದು ಗುಳಿಗೆ. ಸ್ಯಾನಿಟೋರಿಯಂಗಳ ಕಾಲ ಮುಗಿಯಿತು ಎಂದು ಗೊತ್ತಾದದ್ದು ಆಗಲೇ.

ಸರಿ, ಮನೆಯಲ್ಲೇ ಗುಣವಾಗುತ್ತದೆ. ಹಾಗಾದರೆ ರೋಗಿಯನ್ನು ಹುಡುಕುವುದು ಹೇಗೆ? ಇದಕ್ಕೆ ದಾರಿ ಹುಡುಕಲೆಂದೇ ಬೆಂಗಳೂರಿನ ಬಳ್ಳಾರಿ ರಸ್ತೆಯ ಅವಲಾನ್ ಎಂಬ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅಲ್ಲಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಅಧಿಕಾರಿಗಳಲ್ಲಿ ಮಾಹ್ಲರ್ ಒಬ್ಬರು. ನನಗೆ ಅವರ ಹೆಸರು ಮೊದಲು ಕಿವಿಗೆ ಬಿದ್ದದ್ದೂ ಆ ಬಂಗಲೆಯಲ್ಲೇ. ಇಲಾಖೆಯಿಂದ ನಮ್ಮನ್ನು ಅಲ್ಲಿಗೆ ಸ್ಲೈಡ್ ನೋಡುವ ತರಬೇತಿಗೆ ಕಳಿಸುತ್ತಿದ್ದರು.

ಆಗ ದೊಡ್ಡವರೆಲ್ಲ ತಿಳಿದುಕೊಂಡಿದ್ದದ್ದು ಹೀಗೆ: ಹಳ್ಳಿಯವರಿಗೆ ರೋಗದ ಬಗ್ಗೆ ಏನೂ ಗೊತ್ತಿಲ್ಲ, ಅವರಾಗಿ ಬರುವುದಿಲ್ಲ, ನಾವೇ ಎಕ್ಸ್‌ರೇ ವ್ಯಾನ್ ತಗೊಂಡು ಊರೂರು ಸುತ್ತಬೇಕು. ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಕ್ಷಯ ಇದ್ದವರ ಮನೆಯಲ್ಲಿ ಕೂತು ಮಾತಾಡಿಸಿದರು. ಮೈಯಲ್ಲಿ ಏನೋ ಸರಿ ಇಲ್ಲ ಎಂದು ಬಹುತೇಕ ಎಲ್ಲರಿಗೂ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಮಂದಿ ಮದ್ದು ಕೇಳಿಕೊಂಡು ಹೋಗಿಯೂ ಬಂದಿದ್ದರು. ಆಸ್ಪತ್ರೆಯಲ್ಲಿ ಸಿಕ್ಕಿದ್ದು? ಕೆಮ್ಮಿನ ಔಷಧಿಯ ಬಾಟಲಿ. 1963ರಲ್ಲಿ ಇದು ಅಚ್ಚಾಯಿತು. ಜನ ಬಾರದೆ ಇದ್ದದ್ದಲ್ಲ, ಬಂದವರ ಕಫ ಯಾರೂ ನೋಡಲಿಲ್ಲ, ಅಷ್ಟೇ.

ಇದನ್ನು ಓದಿದಾಗ ನನಗೆ ಪುಸ್ತಕದ ವಿಷಯ ಅನ್ನಿಸಲಿಲ್ಲ. ನಮ್ಮ ಕಡೆ ಬೀಡಿ ಕಟ್ಟುವ ಒಬ್ಬರು ಬಂದಿದ್ದರು. ಸಣಕಲು ಮೈ, ಸಂಜೆಯಾದರೆ ಜ್ವರ. ಕೈಚೀಲದಲ್ಲಿ ಖಾಲಿ ಸಿರಪ್ ಬಾಟಲಿಗಳನ್ನೇ ಹಿಡಿದುಕೊಂಡು ಬಂದಿದ್ದರು, ಯಾವುದು ಕುಡಿದು ಆಯಿತು ಎಂದು ಡಾಕ್ಟರಿಗೆ ತೋರಿಸಲು. ಒಂದೊಂದು ಬಾಟಲಿ ಒಂದೊಂದು ಕಡೆ ಕೊಟ್ಟದ್ದು. ಎಲ್ಲೂ ಒಂದು ಸ್ಲೈಡ್ ಮಾಡಿಸಿಲ್ಲ. ತುಮಕೂರಿನ ಆ ಹಳ್ಳಿಯವರಿಗೂ ಇವರಿಗೂ ನಡುವೆ ಮೂವತ್ತು ವರ್ಷಕ್ಕಿಂತ ಜಾಸ್ತಿ ಅಂತರ. ಕಥೆ ಮಾತ್ರ ಅದೇ.

ಸ್ಲೈಡ್ ಎಂದರೆ ದೊಡ್ಡ ವಿದ್ಯೆ ಏನಲ್ಲ. ಕಫದಲ್ಲಿ ಹಳದಿ, ಗಟ್ಟಿ ಇರುವ ಭಾಗವನ್ನು ಕಡ್ಡಿಯಲ್ಲಿ ತೆಗೆದು ಗಾಜಿಗೆ ಸವರುವುದು. ಒಣಗಿದ ಮೇಲೆ ಕೆಂಪು ಬಣ್ಣ ಸುರಿದು ಅಡಿಯಿಂದ ದೀಪ ಹಿಡಿಯುವುದು. ಹಬೆ ಏಳಬೇಕು, ಕುದಿಯಬಾರದು. ಐದು ನಿಮಿಷ ಬಿಟ್ಟು ಆಸಿಡ್ ಹಾಕಿ ತೊಳೆದರೆ ಬೇರೆಲ್ಲ ಬಣ್ಣ ಬಿಡುತ್ತದೆ, ಕ್ಷಯದ ಕ್ರಿಮಿ ಬಿಡುವುದಿಲ್ಲ. ಅದರ ಮೈಮೇಲೆ ಮೇಣದಂಥ ಪದರ ಉಂಟು. ಮತ್ತೆ ನೀಲಿ ಬಣ್ಣ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ನೀಲಿಯ ಮೇಲೆ ಸಣ್ಣ ಸಣ್ಣ ಕೆಂಪು ಗೆರೆಗಳು. ಇದಕ್ಕೆ ಎಕ್ಸ್‌ರೇ ವ್ಯಾನ್ ಬೇಡ, ದೊಡ್ಡ ಆಸ್ಪತ್ರೆ ಬೇಡ. ಒಂದು ಮೈಕ್ರೋಸ್ಕೋಪ್, ನಾಲ್ಕು ಬಾಟಲಿ, ಪುರುಸೊತ್ತಿರುವ ಒಬ್ಬ ಮನುಷ್ಯ ಸಾಕು.

ಇದನ್ನೇ ಇಟ್ಟುಕೊಂಡು 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಬಂತು. ಕ್ಷಯಕ್ಕೆಂದೇ ಬೇರೆ ಸೈನ್ಯ ಕಟ್ಟುವುದು ಬೇಡ, ಇರುವ ಆರೋಗ್ಯ ಕೇಂದ್ರದಲ್ಲೇ ಕೆಮ್ಮಿಕೊಂಡು ಬಂದವರ ಕಫ ನೋಡಿ, ಮನೆಗೇ ಗುಳಿಗೆ ಕೊಟ್ಟು ಕಳಿಸಿ ಎಂಬುದು ಅದರ ತಿರುಳು. ಕಾಗದದ ಮೇಲೆ ಚಂದ ಇತ್ತು. ನಡೆದದ್ದು ಅಷ್ಟು ಚಂದ ಅಲ್ಲ. ಗುಳಿಗೆ ಸರಿಯಾಗಿ ಬರುತ್ತಿರಲಿಲ್ಲ, ಅರ್ಧಕ್ಕೆ ಬಿಟ್ಟವರನ್ನು ಕೇಳುವವರಿರಲಿಲ್ಲ. 1990ರ ದಶಕದಲ್ಲಿ ಎದುರಿಗೇ ಕೂತು ಗುಳಿಗೆ ನುಂಗಿಸುವ ಡಾಟ್ಸ್ ಬಂದದ್ದು ಅದಕ್ಕಾಗಿಯೇ.

ಮಾಹ್ಲರ್ 1962ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕೇಂದ್ರ ಕಚೇರಿ ಇರುವ ಜಿನೀವಾಕ್ಕೆ ಹೋಗಿ ಅಲ್ಲಿನ ಕ್ಷಯ ವಿಭಾಗದ ಮುಖ್ಯಸ್ಥರಾದರು. 1970ರಲ್ಲಿ ಸಹಾಯಕ ಮಹಾನಿರ್ದೇಶಕ. 1973ರಲ್ಲಿ, ಐವತ್ತನೇ ವಯಸ್ಸಿಗೆ, ಮಹಾನಿರ್ದೇಶಕ. ಅವಧಿ ಮೇಲೆ ಅವಧಿ ಸಿಕ್ಕಿ 1988ರವರೆಗೆ ಅದೇ ಕುರ್ಚಿ. ಅಲ್ಲಿ ಅವರು ಮಾಡಿದ್ದನ್ನು ಕೆಳಗಿನ ಉತ್ತರಗಳಲ್ಲಿ ಹೇಳುತ್ತೇನೆ. ಎಲ್ಲದರ ಬುಡದಲ್ಲಿ ಬೆಂಗಳೂರಿನ ಪಾಠವೇ ಇದೆ. ಹಳ್ಳಿಯವನಿಗೆ ಬುದ್ಧಿ ಹೇಳುವ ಮೊದಲು ಅವನು ಹೋಗಿ ನಿಂತ ಬಾಗಿಲಿನ ಒಳಗೆ ಏನಿತ್ತು ನೋಡಿ, ಅಷ್ಟೇ. ತೀರಿಕೊಂಡದ್ದು 2016ರ ಡಿಸೆಂಬರಿನಲ್ಲಿ, ಜಿನೀವಾದಲ್ಲೇ. 93 ವರ್ಷ ಆಗಿತ್ತು.

ಪ್ರಶ್ನೆ: ನಾನು ಮೆಡಿಕಲ್ ಶಾಪ್ ಇಟ್ಟುಕೊಂಡವನು. ಅಗತ್ಯ ಔಷಧಿಗಳ ಪಟ್ಟಿ ಎಂದು ಕೇಳಿದ್ದೇನೆ. ಅದನ್ನು ಶುರು ಮಾಡಿದ್ದು ಇದೇ ಮಾಹ್ಲರ್ ಎಂದು ಮಗಳು ಹೇಳುತ್ತಾಳೆ. ಹೌದಾ? ಅಷ್ಟು ಸಣ್ಣ ಪಟ್ಟಿಯಲ್ಲಿ ಅಂಗಡಿ ನಡೆಯುತ್ತದಾ?
– ಓದುಗರು, ಉಪ್ಪಳ

ಮಗಳು ಹೇಳಿದ್ದು ಸರಿ ಅಣ್ಣ. ಅಂಗಡಿ ನಡೆಯುತ್ತದಾ ಎಂದರೆ ನಿಮ್ಮದು ಕಷ್ಟವೇ. ಸರಕಾರದ್ದು ನಡೆಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮೊದಲ ಪಟ್ಟಿ ಹೊರಡಿಸಿದ್ದು 1977ರಲ್ಲಿ. ಅದರಲ್ಲಿ ಸುಮಾರು 200 ಮದ್ದುಗಳು. ಒಂದು ದೇಶದ ಹೆಚ್ಚಿನ ಜನರ ಹೆಚ್ಚಿನ ಕಾಯಿಲೆಗೆ ಇಷ್ಟು ಸಾಕು, ಇವು ಯಾವಾಗಲೂ ಸಿಗಬೇಕು, ಬೆಲೆ ಕೈಗೆಟುಕಬೇಕು ಎಂಬುದು ಲೆಕ್ಕ. ಬ್ರಾಂಡಿನ ಹೆಸರಿಲ್ಲ, ಮದ್ದಿನ ಹೆಸರು ಮಾತ್ರ. ದೊಡ್ಡ ಔಷಧಿ ಕಂಪನಿಗಳಿಗೆ ಇದು ಹಿಡಿಸಲಿಲ್ಲ. ಹಿಡಿಸುವುದಾದರೂ ಹೇಗೆ? ನಿಮ್ಮ ಕಪಾಟನ್ನೇ ನೋಡಿ. ಒಂದೇ ಪ್ಯಾರಾಸಿಟಮಾಲ್ ಎಷ್ಟು ಹೆಸರಿನಲ್ಲಿ, ಎಷ್ಟು ಬಣ್ಣದ ಸ್ಟ್ರಿಪ್ಪಿನಲ್ಲಿ ಕೂತಿಲ್ಲ ಅಲ್ಲಿ?

ಪಟ್ಟಿಯನ್ನು ಚೆನ್ನಾಗಿ ಬಳಸಿದವರು ನಮ್ಮ ನೆರೆಯವರೇ. ತಮಿಳುನಾಡು 1994ರಲ್ಲಿ ವೈದ್ಯಕೀಯ ಸೇವಾ ನಿಗಮ ಮಾಡಿತು. ಪಟ್ಟಿಯಲ್ಲಿದ್ದ ಮದ್ದನ್ನು ಇಡೀ ರಾಜ್ಯಕ್ಕೆ ಒಟ್ಟಿಗೆ ಟೆಂಡರ್ ಕರೆದು ಕೊಳ್ಳುವುದು, ಪ್ರತಿ ಬ್ಯಾಚನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸುವುದು, ಜಿಲ್ಲೆ ಜಿಲ್ಲೆಯ ಗೋದಾಮಿಗೆ ಕಳಿಸುವುದು. ಕೇರಳವೂ ಆಮೇಲೆ ಅದೇ ದಾರಿ ಹಿಡಿಯಿತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಫಾರ್ಮಸಿಯ ಕಿಟಕಿಯಲ್ಲಿ "ಸ್ಟಾಕ್ ಇಲ್ಲ" ಎಂಬುದೇ ದಿನದ ಮಾತಾಗಿತ್ತು. ನಿಗಮ ಬಂದ ಮೇಲೆ ಅದು ಕಡಿಮೆಯಾಯಿತು. ಪೂರ್ತಿ ನಿಂತಿತು ಎಂದರೆ ಓದುಗರು ನನ್ನನ್ನು ಬಿಡಲಿಕ್ಕಿಲ್ಲ. ಭಾರತದ ರಾಷ್ಟ್ರೀಯ ಪಟ್ಟಿ ಮೊದಲು ಬಂದದ್ದು 1996ರಲ್ಲಿ. 2022ರ ಪಟ್ಟಿಯಲ್ಲಿ 384 ಮದ್ದುಗಳಿವೆ.

ಅಂಗಡಿಯವರಿಗೆ ಮಾಹ್ಲರ್ ಕಾಲದ ಇನ್ನೊಂದು ಗುರುತು ತೋರಿಸುತ್ತೇನೆ. ಮಕ್ಕಳ ಹಾಲಿನ ಪುಡಿಯ ಡಬ್ಬ ತೆಗೆದು ತಿರುಗಿಸಿ. ತಾಯಿಯ ಹಾಲೇ ಮಗುವಿಗೆ ಒಳ್ಳೆಯದು ಎಂದು ಬರೆದಿರಬೇಕು. ಡಬ್ಬದ ಮೇಲೆ ಗುಂಡುಗುಂಡಗಿನ ಮಗುವಿನ ಚಿತ್ರ ಇರಬಾರದು. ಜಾಹೀರಾತು ಕೂಡದು. ಭಾರತದಲ್ಲಿ ಇದು 1992ರ ಕಾಯಿದೆ. ಆದರೆ ಅದರ ಮೂಲ ಇರುವುದು 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ (ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಾರ್ಷಿಕ ಸಭೆ) ಒಪ್ಪಿದ ನಿಯಮಾವಳಿಯಲ್ಲಿ. ಪರವಾಗಿ 118 ದೇಶ, ವಿರೋಧವಾಗಿ ಒಂದೇ ಒಂದು, ಅಮೆರಿಕ. ತನ್ನ ಸಂಸ್ಥೆಗೆ ಆಗ ಎಲ್ಲರಿಗಿಂತ ಜಾಸ್ತಿ ದುಡ್ಡು ಕೊಡುತ್ತಿದ್ದ ದೇಶವನ್ನು ಎದುರು ಹಾಕಿಕೊಂಡು ಕೂತ ಮನುಷ್ಯ ಇವರು. ಇವತ್ತಿನ ದಿನಗಳಲ್ಲಿ ಇದು ಎಷ್ಟು ದೊಡ್ಡ ವಿಷಯ ಎಂದು ಪೇಪರ್ ಓದುವವರಿಗೆ ಗೊತ್ತಾಗುತ್ತದೆ.

ಪ್ರಶ್ನೆ: "2000ನೇ ಇಸವಿಗೆ ಎಲ್ಲರಿಗೂ ಆರೋಗ್ಯ" ಎಂದು ಗೋಡೆಯಲ್ಲಿ ಬರೆದದ್ದನ್ನು ನಾನು ಹುಡುಗನಾಗಿದ್ದಾಗ ನೋಡಿದ್ದೇನೆ. 2000 ಬಂದು ಹೋಗಿ ಇಷ್ಟು ವರ್ಷ ಆಯಿತು. ಈಗಲೂ ದೊಡ್ಡ ಕಾಯಿಲೆ ಬಂದರೆ ನಾವು ಮಂಗಳೂರಿಗೇ ಓಡಬೇಕು. ಎಲ್ಲ ಸುಮ್ನೆ ಘೋಷಣೆ ಅಲ್ವಾ?
– ಅಡಿಕೆ ಕೃಷಿಕರು, ಮುಳ್ಳೇರಿಯ

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಈ ಘೋಷಣೆ ಹುಟ್ಟಿದ್ದು ಮಾಹ್ಲರ್ ಬಾಯಿಯಲ್ಲೇ, ಹಾಗಾಗಿ ಬೈಗುಳವೂ ಅವರಿಗೇ ಸಲ್ಲಬೇಕು. ಮೊದಲು ಹೇಳಿದೆನಲ್ಲ, ಮಾತುಗಾರಿಕೆ ಅವರಿಗೆ ಉಪದ್ರವ ಆಯಿತು ಎಂದು. ಅದು ಇದೇ.

1977ರ ವಿಶ್ವ ಆರೋಗ್ಯ ಸಭೆಯಲ್ಲಿ ಈ ಗುರಿ ಇಟ್ಟರು. 1978ರ ಸೆಪ್ಟೆಂಬರ್ 6ರಿಂದ 12ರವರೆಗೆ ಆಗಿನ ಸೋವಿಯತ್ ಒಕ್ಕೂಟದ ಅಲ್ಮಾ ಅಟಾದಲ್ಲಿ ದೊಡ್ಡ ಸಮ್ಮೇಳನ. ಈಗ ಅದು ಕಜಕಿಸ್ತಾನದ ಅಲ್ಮಾಟಿ. 134 ಸರಕಾರಗಳು ಬಂದಿದ್ದವು, ಯುನಿಸೆಫ್ ಜೊತೆಗಿತ್ತು. ಪ್ರಾಥಮಿಕ ಆರೋಗ್ಯ ಸೇವೆಯೇ ದಾರಿ ಎಂದು ಘೋಷಿಸಿದರು. ಪ್ರಾಥಮಿಕ ಎಂದರೆ ಜ್ವರಕ್ಕೆ ಗುಳಿಗೆ ಕೊಡುವ ಸಣ್ಣ ಆಸ್ಪತ್ರೆ ಎಂದು ನಾವು ತಿಳಿದಿದ್ದೇವೆ. ಅವರ ಪಟ್ಟಿಯಲ್ಲಿ ಕುಡಿಯುವ ನೀರು, ಕಕ್ಕಸು, ಊಟ, ಲಸಿಕೆ, ಬಾಣಂತಿಯ ಆರೈಕೆ, ಅಗತ್ಯ ಮದ್ದು ಎಲ್ಲ ಇತ್ತು. ರೋಗ ಆರಂಭವಾಗುವುದು ಬಾವಿಕಟ್ಟೆಯಲ್ಲಿ, ಆಸ್ಪತ್ರೆಯಲ್ಲಲ್ಲ ಎನ್ನುವುದು ಅವರ ವಾದ.

ಮರುವರ್ಷವೇ ಅಡ್ಡಿ ಬಂತು. ಇಷ್ಟೆಲ್ಲ ಮಾಡಲು ದುಡ್ಡೆಲ್ಲಿ, ಸದ್ಯಕ್ಕೆ ಕಡಿಮೆ ಖರ್ಚಿನಲ್ಲಿ ಜಾಸ್ತಿ ಮಕ್ಕಳನ್ನು ಉಳಿಸುವ ನಾಲ್ಕೈದು ಕೆಲಸ ಆರಿಸಿಕೊಳ್ಳೋಣ ಎಂದು ಅಮೆರಿಕದ ಕೆಲವು ತಜ್ಞರು ಬರೆದರು. ಯುನಿಸೆಫಿನ ಹೊಸ ಮುಖ್ಯಸ್ಥ ಜೇಮ್ಸ್ ಗ್ರಾಂಟ್ ಆ ದಾರಿ ಹಿಡಿದರು: ಮಗುವಿನ ತೂಕ ನೋಡುವುದು, ಭೇದಿಗೆ ಉಪ್ಪುಸಕ್ಕರೆ ನೀರು, ಎದೆಹಾಲು, ಲಸಿಕೆ. ಮಾಹ್ಲರಿಗೆ ಇದು ಬೇಸರದ ವಿಷಯ. ಮೇಲಿನಿಂದ ತುಂಡು ತುಂಡು ಕಾರ್ಯಕ್ರಮ ಹೇರಬೇಡಿ ಎಂದು ಸಭೆಯಲ್ಲೇ ಎಚ್ಚರಿಸಿದರು. ಯಾರು ಸರಿ? ನಾನು ಲ್ಯಾಬಿನ ಸ್ಟೂಲಿನಲ್ಲಿ ಕೂತು ನೋಡಿದ್ದು ಹೇಳುತ್ತೇನೆ. ಗ್ರಾಂಟ್ ಅವರ ದಾರಿಯಲ್ಲಿ ಮಕ್ಕಳು ಉಳಿದರು, ಅದು ಸುಳ್ಳಲ್ಲ. ಆದರೆ ಲಸಿಕೆಗೆ ಒಂದು ಜೀಪು, ಕುಷ್ಠಕ್ಕೆ ಒಂದು ಜೀಪು, ಮಲೇರಿಯಕ್ಕೆ ಒಂದು ರಿಜಿಸ್ಟರು ಎಂದು ಹಂಚಿಹೋದಾಗ, ಎರಡು ಕಾಯಿಲೆ ಒಟ್ಟಿಗೆ ಬಂದವನನ್ನು ನೋಡುವವರು ಇರಲಿಲ್ಲ. ಕ್ಷಯದವರಿಗೆ ಸಕ್ಕರೆ ಕಾಯಿಲೆ ಇದೆಯಾ ಎಂದು ಎಲ್ಲರಿಗೂ ಪರೀಕ್ಷೆ ಮಾಡುವ ಕ್ರಮ ನಮ್ಮಲ್ಲಿ ಬಂದದ್ದು ಎಷ್ಟು ತಡವಾಗಿ!

ಮಾಹ್ಲರ್ ದೊಡ್ಡ ಗುರಿ ಇಟ್ಟರು, ಅದಕ್ಕೆ ತಕ್ಕ ದುಡ್ಡಿನ ದಾರಿ ಇಡಲಿಲ್ಲ. ಇದು ಅವರ ಮೇಲೆ ನನ್ನ ದೂರು. ಹಣ ಯಾರು ಕೊಡುತ್ತಾರೆ ಎಂದು ಹೇಳದ ಘೋಷಣೆ ಗೋಡೆಯಲ್ಲೇ ಉಳಿಯುತ್ತದೆ. ಏಡ್ಸ್ ವಿಷಯದಲ್ಲೂ ಅವರು ಮೊದಲು ನಿಧಾನಿಸಿದರು. ಆದರೆ 1986ರಲ್ಲಿ ಅದನ್ನು ಎಲ್ಲರೆದುರು ಒಪ್ಪಿಕೊಂಡರು. ಮರುವರ್ಷ ಜೊನಾಥನ್ ಮಾನ್ ಎಂಬ ಗಟ್ಟಿಗನ ಕೈಯಲ್ಲಿ ವಿಶೇಷ ಕಾರ್ಯಕ್ರಮವನ್ನೇ ಕೊಟ್ಟರು. ದೊಡ್ಡ ಕುರ್ಚಿಯಲ್ಲಿದ್ದು ಹಾಗೆ ಹೇಳುವವರು ಎಷ್ಟು ಮಂದಿ ಸಿಗುತ್ತಾರೆ?

ನಿಮ್ಮ ಮಂಗಳೂರಿನ ಮಾತಿಗೆ ಬರೋಣ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಏನಾಯಿತು ಎಂದು ನೀವೂ ನೋಡಿದ್ದೀರಿ. ರಸ್ತೆಗೆ ಮಣ್ಣು ಸುರಿದರು. ಆಂಬುಲೆನ್ಸಿನಲ್ಲಿ ಹೋದವರೂ ವಾಪಸ್ ಬಂದರು, ಕೆಲವರು ದಾರಿಯಲ್ಲೇ ತೀರಿಹೋದರು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿ ವರ್ಷಗಳಾಗಿದ್ದವು, ರೋಗಿಗಳಿಗೆ ಬಾಗಿಲು ತೆರೆದದ್ದು ಕೊರೊನಾ ಬಂದ ಮೇಲೆ. ಜಿಲ್ಲೆಯೊಳಗೆ ಹೃದಯದ ಡಾಕ್ಟರ್, ನರದ ಡಾಕ್ಟರ್ ಇರಬೇಕು ಎನ್ನುವ ಬೇಡಿಕೆ ನ್ಯಾಯವೇ. ಆದರೆ ಒಂದು ಪ್ರಶ್ನೆ ಕೇಳಿಯೇ ಬಿಡುತ್ತೇನೆ, ಕೋಪಿಸಬೇಡಿ. ಮಂಗಳೂರಿಗೆ ಓಡಿದವರಲ್ಲಿ ಎಷ್ಟು ಮಂದಿಯ ಬಿಪಿ, ಶುಗರನ್ನು ಹತ್ತು ವರ್ಷ ಮೊದಲು ಊರಿನ ಸಬ್‌ಸೆಂಟರಿನಲ್ಲೇ ಹಿಡಿಯಬಹುದಿತ್ತು? ಮಾಹ್ಲರ್ ಹೇಳಿದ್ದು ಆ ಹತ್ತು ವರ್ಷದ ಬಗ್ಗೆ.

ಸ್ವರ್ಗ, ಪಡ್ರೆ ಕಡೆ ಎಂಡೋಸಲ್ಫಾನ್ ಕೀಟನಾಶಕದ ತೊಂದರೆಯನ್ನು ಮೊದಲು ಗಮನಿಸಿದ್ದೂ ದೂರದ ದೊಡ್ಡ ಆಸ್ಪತ್ರೆಯಲ್ಲ. ಮನೆಮನೆಯ ಕಥೆ ಗೊತ್ತಿದ್ದ ಊರಿನ ಡಾಕ್ಟರು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮ ಕೆಲಸ ಅಲ್ಮಾ ಅಟಾದಿಂದ ಬಂದದ್ದು ಎಂದು ತರಬೇತಿಯಲ್ಲಿ ಹೇಳಿದರು. ಅಷ್ಟು ದೂರದಿಂದ ಬಂದ ಕೆಲಸಕ್ಕೆ ಇಷ್ಟು ಕಡಿಮೆ ಗೌರವಧನ ಯಾಕೆ ಅಕ್ಕಾ?
– ಓದುಗರು, ಪೈವಳಿಕೆ

ತಂಗೀ, ಅಷ್ಟು ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ಅಹ್ಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಜಾಮ್‌ಖೇಡ್‌ಗೆ ಹೋದರೆ ಸಾಕು. ಅಲ್ಲಿ ರಜನೀಕಾಂತ್ ಆರೋಳೆ, ಮೇಬಲ್ ಆರೋಳೆ ಎಂಬ ಡಾಕ್ಟರ್ ದಂಪತಿ 1970ರಲ್ಲಿ ಕೆಲಸ ಶುರು ಮಾಡಿದರು. ಊರೂರಿನಿಂದ ಹೆಂಗಸರನ್ನು ಆರಿಸಿದರು. ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ, ಹಲವರು ದಲಿತರು. ಅವರಿಗೆ ಹೆರಿಗೆ, ಮಕ್ಕಳ ಆರೈಕೆ, ನೀರು ಶುದ್ಧ ಮಾಡುವುದು ಕಲಿಸಿದರು. ಜಗತ್ತಿನಲ್ಲಿ ಎಲ್ಲೆಲ್ಲಿ ಹೀಗೆ ಕೆಲಸ ನಡೆದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 1975ರಲ್ಲಿ ಒಂದು ಪುಸ್ತಕ ತಂದಾಗ ಅದರಲ್ಲಿ ಜಾಮ್‌ಖೇಡೂ ಇತ್ತು. ಚೀನಾದ ಬರಿಗಾಲ ವೈದ್ಯರ ಸುದ್ದಿಯೂ ಆಗ ಜೋರಾಗಿತ್ತು. ಅಲ್ಮಾ ಅಟಾದಲ್ಲಿ ಮಾತಾಡಿದ್ದಕ್ಕೆ ಇಂಥ ಊರುಗಳೇ ಆಧಾರ. ಅಂದರೆ ನಿಮ್ಮ ಕೆಲಸ ಅಲ್ಲಿಂದ ಇಲ್ಲಿಗೆ ಬಂದದ್ದಲ್ಲ, ಇಲ್ಲಿಂದ ಅಲ್ಲಿಗೆ ಹೋಗಿ ತಿರುಗಿ ಬಂದದ್ದು. ಆಶಾ ಎಂಬ ಹೆಸರಿನಲ್ಲಿ ಅದು ದೇಶಕ್ಕೆ ಸಿಕ್ಕಿದ್ದು 2005ರ ಗ್ರಾಮೀಣ ಆರೋಗ್ಯ ಮಿಷನ್ ಒಟ್ಟಿಗೆ.

ಗೌರವಧನ ಯಾಕೆ ಕಡಿಮೆ ಎಂದರೆ, ನಿಮ್ಮನ್ನು ನೌಕರರೆನ್ನದೆ ಸ್ವಯಂಸೇವಕರು ಎಂದು ಕರೆದದ್ದಕ್ಕೆ. ಸ್ವಯಂಸೇವಕಿಗೆ ಸಂಬಳ ಕೊಡಬೇಕಾಗಿಲ್ಲ ಅಲ್ಲವೇ? ಬುದ್ಧಿವಂತಿಕೆ ಅಂದರೆ ಹೀಗಿರಬೇಕು. 2025ರ ಫೆಬ್ರವರಿಯಿಂದ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ನಿಮ್ಮವರು ತಿಂಗಳುಗಟ್ಟಲೆ ಕೂತದ್ದು ಇದಕ್ಕೇ. ಎರಡು ವಾರ ಕೆಮ್ಮು ಇದ್ದವರ ಕೈಗೆ ಕಫದ ಡಬ್ಬಿ ಕೊಟ್ಟು, ಮರುದಿನ ನೆನಪು ಮಾಡಿ, ಲ್ಯಾಬಿಗೆ ತಂದುಕೊಡುತ್ತಿದ್ದವರು ನೀವೇ. ನೀವು ಬಂದ ಮೇಲೆ ನನ್ನ ಮೇಜಿಗೆ ಬರುವ ಡಬ್ಬಿಗಳಲ್ಲಿ ಬರೀ ಎಂಜಲು ಕಡಿಮೆಯಾಯಿತು. ಬಾಯಿ ಮುಕ್ಕಳಿಸಿ, ಉಸಿರು ಎಳೆದು, ಆಳದಿಂದ ಕೆಮ್ಮಿ ಎಂದು ತುಳುವಿನಲ್ಲಿ, ಮಲಯಾಳದಲ್ಲಿ, ಬ್ಯಾರಿಯಲ್ಲಿ, ಅವರವರ ಮಾತಿನಲ್ಲಿ ಹೇಳಿಕೊಟ್ಟದ್ದು ನೀವು. ಆ ಕೆಲಸಕ್ಕೆ ಬಿಲ್ಲಿನಲ್ಲಿ ಕಾಲಮ್ಮೇ ಇಲ್ಲ.

ಪ್ರಶ್ನೆ: ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಮಾಹ್ಲರ್ ತರಹ ಅಂತಾರಾಷ್ಟ್ರೀಯ ಸಾರ್ವಜನಿಕ ಆರೋಗ್ಯದಲ್ಲಿ ಕೆಲಸ ಮಾಡಬೇಕೆಂಬ ಆಸೆ. ಎಂಬಿಬಿಎಸ್ ಇಲ್ಲದೆ ಆಗುತ್ತದೆಯೇ? ಎಲ್ಲಿ ಓದಬೇಕು?
– ವಿದ್ಯಾರ್ಥಿನಿ, ಪೆರ್ಲ

ಆಗುತ್ತದೆ ಮಗಳೇ. ಸಾರ್ವಜನಿಕ ಆರೋಗ್ಯಕ್ಕೆ ಅಂಕಿಸಂಖ್ಯೆಯವರು, ಸಮಾಜಶಾಸ್ತ್ರದವರು, ನರ್ಸಿಂಗಿನವರು ಎಲ್ಲ ಬೇಕು. ತುಮಕೂರಿನಲ್ಲಿ ಜನರನ್ನು ಮಾತಾಡಿಸಿದವರು ಕೇಳಿದ್ದೂ ಸಮಾಜಶಾಸ್ತ್ರದ ಪ್ರಶ್ನೆಗಳೇ. ಎಂಪಿಎಚ್ ಎಂಬ ಸ್ನಾತಕೋತ್ತರ ಪದವಿ ಮಾಡಬೇಕು. ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೇ ಅದು ಉಂಟು. ತಿರುವನಂತಪುರದ ಶ್ರೀಚಿತ್ರಾದ ಅಚ್ಯುತ ಮೇನೋನ್ ಕೇಂದ್ರ ಹಳೆಯದು, ಹೆಸರಾಂತದ್ದು. ಮಣಿಪಾಲದಲ್ಲೂ ಇದೆ. ಯಾವ ಡಿಗ್ರಿಯವರನ್ನು ಸೇರಿಸುತ್ತಾರೆ ಎಂಬುದು ಒಂದೊಂದು ಕಡೆ ಒಂದೊಂದು ರೀತಿ, ಅರ್ಜಿ ಹಾಕುವ ಮೊದಲು ಆಯಾ ವರ್ಷದ ಪ್ರಕಟಣೆ ನೋಡಿಕೊಳ್ಳಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಜಿನೀವಾದ ಇಂಟರ್ನ್‌ಶಿಪ್ ಹುಡುಕುವ ಮೊದಲು ಒಂದೆರಡು ವರ್ಷ ಎಣ್ಮಕಜೆಯಲ್ಲೋ ವರ್ಕಾಡಿಯಲ್ಲೋ ಮನೆಮನೆ ತಿರುಗುವ ಕೆಲಸ ಮಾಡಿ. ಮಾಹ್ಲರ್ ಇಪ್ಪತ್ತರ ಕೊನೆ, ಮೂವತ್ತರ ಹರೆಯ ಪೂರ್ತಿ ಹೀಗೇ ಕಳೆದರು. ನಿಮ್ಮ ಬಳಿ ಅವರಿಗಿಲ್ಲದ ಒಂದು ಬಂಡವಾಳವೂ ಉಂಟು. ಕನ್ನಡ, ತುಳು, ಮಲಯಾಳ, ಜೊತೆಗೆ ಇಂಗ್ಲಿಷ್. ನಾಲ್ಕು ಭಾಷೆಯಲ್ಲಿ ಪ್ರಶ್ನೆ ಕೇಳಬಲ್ಲ ಹುಡುಗಿಗೆ ಸರ್ವೆ ಮಾಡುವ ತಂಡಗಳಲ್ಲಿ ಬೆಲೆ ಇದೆ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ, ಓಡಿ ಹೋದರೂ ಅದು ಬೆನ್ನು ಹತ್ತುತ್ತದೆ.

ಪ್ರಶ್ನೆ: ಸಿಡುಬು ಹೋದದ್ದು ಮಾಹ್ಲರ್ ಕಾಲದಲ್ಲೇ ಅಲ್ಲವೇ? ಅದರ ಬಗ್ಗೆ ನೀವೇಕೆ ಹೇಳಲಿಲ್ಲ?
– ಓದುಗರು, ಹೊಸಂಗಡಿ

ಹೌದು, ಸಿಡುಬು ನಿರ್ಮೂಲವಾಯಿತು ಎಂದು ವಿಶ್ವ ಆರೋಗ್ಯ ಸಭೆ 1980ರ ಮೇ 8ರಂದು ಘೋಷಿಸಿದಾಗ ಅವರೇ ಮಹಾನಿರ್ದೇಶಕರು. ಭಾರತದಲ್ಲಿ ಕೊನೆಯ ರೋಗಿ ಸಿಕ್ಕಿದ್ದು 1975ರ ಮೇಯಲ್ಲಿ, ಅಸ್ಸಾಮಿನ ಕರೀಂಗಂಜಿನಲ್ಲಿ. ಆದರೆ ಆ ಕೆಲಸದ ಶ್ರೇಯಸ್ಸು ಸಲ್ಲಬೇಕಾದ್ದು 1966ರಿಂದ ಅದನ್ನು ನಡೆಸಿದ ಅಮೆರಿಕದ ಡಿ. ಎ. ಹೆಂಡರ್ಸನ್‌ಗೆ, ಮತ್ತು ಕೈಯಲ್ಲಿ ಲಸಿಕೆ ಹಾಕುವ ಕವಲು ಸೂಜಿ ಹಿಡಿದು ಊರೂರು ಅಲೆದವರಿಗೆ. ಮಾಹ್ಲರ್ ಬರುವಾಗ ಬಂಡಿ ಅರ್ಧ ದಾರಿ ಬಂದಿತ್ತು. ಪೋಲಿಯೊ ನಿರ್ಮೂಲ ಮಾಡುವ ತೀರ್ಮಾನ ಮಾತ್ರ ಅವರ ಕೊನೆಯ ಸಭೆಯದ್ದು, 1988ರದ್ದು. ನಿವೃತ್ತಿಯ ಬಳಿಕ 1995ರವರೆಗೆ ಅಂತಾರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟವನ್ನು ನಡೆಸಿದರು.

ಪ್ರಶ್ನೆ: ಭಾರತದವರು ಯಾರಾದರೂ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದಾರೆಯೇ?
– ಓದುಗರು, ಕುಂಬಳೆ

ಮಹಾನಿರ್ದೇಶಕರ ಹುದ್ದೆಗೆ ಇನ್ನೂ ಯಾರೂ ಬಂದಿಲ್ಲ. ಆದರೆ ಸಂಸ್ಥೆಯ ವಾರ್ಷಿಕ ಸಭೆಗೆ 1950ರಲ್ಲೇ ನಮ್ಮ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅಧ್ಯಕ್ಷೆಯಾಗಿದ್ದರು. ಆಗ್ನೇಯ ಏಷ್ಯಾ ಪ್ರಾದೇಶಿಕ ಕಚೇರಿಯ ಮೊದಲ ನಿರ್ದೇಶಕ ಚಂದ್ರಮಣಿ ಭಾರತದವರು, 1948ರಿಂದ 1968ರವರೆಗೆ. ಇತ್ತೀಚೆಗೆ 2014ರಿಂದ ಪೂನಂ ಖೇತ್ರಪಾಲ್ ಸಿಂಗ್ ಹತ್ತು ವರ್ಷ ಅದೇ ಹುದ್ದೆಯಲ್ಲಿದ್ದರು. ಚೆನ್ನೈಯ ಸೌಮ್ಯಾ ಸ್ವಾಮಿನಾಥನ್ 2019ರಲ್ಲಿ ಇಡೀ ಸಂಸ್ಥೆಯ ಮೊದಲ ಮುಖ್ಯ ವಿಜ್ಞಾನಿಯಾದರು, ಕೊರೊನಾ ಕಾಲದಲ್ಲಿ ಟಿವಿಯಲ್ಲಿ ದಿನಾ ನೋಡಿದ್ದೀರಿ. ಅವರೂ ವರ್ಷಗಟ್ಟಲೆ ಕ್ಷಯದ ಸಂಶೋಧನೆಯಲ್ಲೇ ಇದ್ದವರು. ಮನೆಯಲ್ಲೇ ಗುಳಿಗೆ ಕೊಟ್ಟು ಗುಣಪಡಿಸಿ ತೋರಿಸಿದರಲ್ಲ, ಮದ್ರಾಸಿನ ಆ ಕೇಂದ್ರದಲ್ಲಿ.